ಅಕ್ಕನಿಗೆ ಕೊಟ್ಟ ಬಡ್ಡಿ

ದಿವಾಳಿ ಎದ್ದರೆ ಎಲ್ಲ ಸಾಲವೂ ಒಟ್ಟಿಗೆ ಮುಳುಗಿಹೋಗುತ್ತದೆ ಎಂದು ನನಗೆ ಮೊದಲು ಹೇಳಿದವನು ಯಾರೋ ನೆನಪಿಲ್ಲ. ಯಾರಾದರೂ ಆಗಲಿ, ಅವನ ಬಾಯಿಗೆ ಮಣ್ಣು ಬೀಳಲಿ. ಆ ಒಂದು ಮಾತನ್ನು ನಂಬಿ ನಾನೇನು ಮಾಡಿದೆ ಎಂಬುದನ್ನು ಹೇಳುತ್ತೇನೆ. ಬೈಯುವುದಿದ್ದರೆ ಪೂರ್ತಿ ಕೇಳಿ ಆಮೇಲೆ ಬೈಯಿರಿ.

ನನ್ನದು ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ, ಹೊಸ ಸ್ಪಂಜು ಹಾಕಿಕೊಡುವ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದೇ. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು, ಕಿಟಕಿಯ ಕೆಳಗೆ ದಪ್ಪ ಬಟ್ಟೆ ಹೊಲಿಯುವ ಯಂತ್ರ, ಮೂಲೆಯಲ್ಲಿ ಕುರ್ಚಿಗಳ ಹೊಟ್ಟೆ ಬಗೆದು ತೆಗೆದ ಹಳೆಯ ಸ್ಪಂಜಿನ ಗುಡ್ಡೆ. ಅದರ ಹಿಂದೆ ಅಡುಗೆಮನೆ, ಅದರ ಹಿಂದಿನ ಕೋಣೆಯಲ್ಲಿ ನಾನು ಮತ್ತು ಅಕ್ಕ. ಕೆಲಸ ಮಾಡುವಾಗ ನಾನು ಬಾಯಿತುಂಬ ಮೊಳೆ ಇಟ್ಟುಕೊಂಡಿರುತ್ತೇನೆ. "ಅಷ್ಟು ಹೊತ್ತಾದ್ರೂ ನಿನ್ನ ನಾಲಗೆ ಸುಮ್ಮನಿರುತ್ತಲ್ಲ, ಪುಣ್ಯ" ಎನ್ನುತ್ತಾಳೆ ಅಕ್ಕ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಒಂದು ದೊಡ್ಡ ಲಾಂಡ್ರಿಯಲ್ಲಿ ಮೂವತ್ತು ವರ್ಷ ನಿಂತುಕೊಂಡೇ ಇಸ್ತ್ರಿ ಮಾಡಿದಳು. ಭಾವ ತೀರಿಕೊಂಡ ಮೇಲೆ ಒಂದು ಪೆಟ್ಟಿಗೆ ಹಿಡಿದುಕೊಂಡು ನನ್ನಲ್ಲಿಗೆ ಬಂದವಳು ಇಲ್ಲೇ ಉಳಿದಳು. ನಿಂತು ನಿಂತು ಅವಳ ಬಲಸೊಂಟದ ಕೀಲು ಪೂರ್ತಿ ಸವೆದಿದೆ. ನಡೆದರೆ ಒಳಗೆ ಮೂಳೆಗೆ ಮೂಳೆ ಉಜ್ಜುತ್ತದೆ ಎಂದು ಡಾಕ್ಟರು ಚಿತ್ರ ತೋರಿಸಿ ಹೇಳಿದ್ದರು. ಕೀಲು ಬದಲಿಸಬೇಕು ಎಂದಿದ್ದರು. ಕೊನೆಯ ಸಲ ತೋರಿಸಿದಾಗ, ಇನ್ನೊಂದು ವರ್ಷದೊಳಗೆ ಬದಲಿಸದಿದ್ದರೆ ಕಾಲಿನ ಶಕ್ತಿಯೇ ಹೋಗುತ್ತದೆ, ಆಮೇಲೆ ಬದಲಿಸಿದರೂ ನಡೆಯುವುದು ಅನುಮಾನ ಎಂದಿದ್ದರು. ಹೆಸರು ಬರೆಸಿ ಒಂದೂವರೆ ವರ್ಷದಿಂದ ಸರದಿಯಲ್ಲಿ ಕಾಯುತ್ತಿದ್ದಳು.

ಇನ್ನು ನನ್ನ ಸಾಲದ ಕಥೆ. ಎರಡು ವರ್ಷದ ಹಿಂದೆ ಒಂದು ಹೋಟೆಲಿನವರು ಇನ್ನೂರನಲವತ್ತು ಕುರ್ಚಿಗಳ ಕೆಲಸ ಕೊಟ್ಟರು. ಅಷ್ಟು ದೊಡ್ಡ ಕೆಲಸ ನನ್ನ ಜನ್ಮದಲ್ಲಿ ಬಂದಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಬುದ್ಧಿ ಆಗ ಬರಲಿಲ್ಲ. ಬಟ್ಟೆ ಅಂಗಡಿಯವನಿಂದ ಉದ್ದರಿ ಬಟ್ಟೆ ತಂದೆ, ಬ್ಯಾಂಕಿನಿಂದ ಸಾಲ ತೆಗೆದು ಎರಡನೇ ಯಂತ್ರ ಕೊಂಡೆ. ಅದೂ ಸಾಲದೆ ಹೋದಾಗ ಅಕ್ಕ ಲಾಂಡ್ರಿಯವರು ಕೊನೆಯಲ್ಲಿ ಕೊಟ್ಟ ಇಡುಗಂಟನ್ನೇ ತಂದು ನನ್ನ ಮೇಜಿನ ಮೇಲಿಟ್ಟಳು. ಬಡ್ಡಿ ಬೇಡ ಎಂದಳು. ನಾನು ಬಿಡಲಿಲ್ಲ, ವ್ಯಾಪಾರ ಅಂದರೆ ವ್ಯಾಪಾರ ಎಂದು ತಿಂಗಳು ತಿಂಗಳು ಬಡ್ಡಿ ಕೊಟ್ಟೆ, ಅವಳ ಕೈಯಲ್ಲಿ ಸಹಿಯನ್ನೂ ಹಾಕಿಸಿಕೊಂಡೆ.

ಹೋಟೆಲಿನವನು ಅರ್ಧ ಹಣ ಕೊಟ್ಟ. ಇನ್ನರ್ಧ ಕೊಡುವ ಹೊತ್ತಿಗೆ ಬಾಗಿಲು ಹಾಕಿಕೊಂಡು ಮಾಯವಾದ. ಹೊಲಿದು ಮುಗಿಸಿದ ನೂರು ಕುರ್ಚಿ ನನ್ನ ಅಂಗಡಿಯಲ್ಲಿ ಸೂರಿನ ತನಕ ನಿಂತವು. ಬಟ್ಟೆಯವನು ದಿನಾ ಬಾಗಿಲಿಗೆ ಬಂದ. ಬ್ಯಾಂಕಿನವರು ಎರಡನೇ ಯಂತ್ರವನ್ನು ಹೊತ್ತುಕೊಂಡು ಹೋದರು, ಸಾಲ ಮಾತ್ರ ಉಳಿಸಿಹೋದರು. ಇಷ್ಟರ ಮೇಲೆ ಆ ವರ್ಷ ಕಾಗದದ ಮೇಲೆ ನನಗೆ ಭರ್ಜರಿ ಆದಾಯ! ಯಾಕೆಂದರೆ ಹೋಟೆಲಿನವನು ಕೊಟ್ಟ ಅರ್ಧ ಕೈಗೆ ಬಂದಿತ್ತು, ಬಟ್ಟೆಯವನಿಗೆ ನಾನಿನ್ನೂ ಕೊಟ್ಟಿರಲಿಲ್ಲ. ಕೊಟ್ಟರೆ ಖರ್ಚು, ಕೊಡದಿದ್ದರೆ ಖರ್ಚಲ್ಲ, ಅದು ತೆರಿಗೆಯವರ ಲೆಕ್ಕ. ಹೊಟ್ಟೆಗೆ ಹಿಟ್ಟಿಲ್ಲದವಳಿಗೆ ಆದಾಯ ತೆರಿಗೆ.

ಸಂಬಳದವರಿಗೆ ತೆರಿಗೆ ಸಂಬಳದಲ್ಲೇ ಕತ್ತರಿಸಿಹೋಗುತ್ತದೆ, ಅವರು ಅದರ ಮುಖವನ್ನೇ ನೋಡುವುದಿಲ್ಲ. ನಮ್ಮಂಥ ಸ್ವಂತ ಕೆಲಸದವರು ನಾವೇ ಎತ್ತಿಟ್ಟು ನಾವೇ ಕಟ್ಟಬೇಕು. ನಾನು ಪ್ರತಿ ಬಿಲ್ಲಿನಿಂದ ಒಂದು ಪಾಲು ತೆಗೆದು ಬೇರೆ ಖಾತೆಯಲ್ಲಿ ಹಾಕುತ್ತಿದ್ದೆ. ಎಂಥ ಕಷ್ಟ ಬಂದರೂ ಅದನ್ನು ಮುಟ್ಟಿದವಳಲ್ಲ. ಬಟ್ಟೆಯವನು ಬಾಗಿಲಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಬೈದ ದಿನವೂ ಮುಟ್ಟಲಿಲ್ಲ.

ಮುಟ್ಟಿದ್ದು ಆಸ್ಪತ್ರೆಯಿಂದ ಫೋನು ಬಂದ ದಿನ. ಸರದಿ ಬಂದಿದೆ, ವಾರದೊಳಗೆ ಹಣ ಕಟ್ಟಿದರೆ ಮೂರು ತಿಂಗಳಲ್ಲಿ ಆಪರೇಷನ್, ಇಲ್ಲದಿದ್ದರೆ ಮುಂದಿನವರನ್ನು ಕರೆಯುತ್ತೇವೆ ಎಂದರು. ಅಕ್ಕ ಫೋನು ಇಟ್ಟು, "ಬಿಡು ಮರಿ, ಕೋಲು ಇದೆಯಲ್ಲ, ನಡೀತೀನಿ" ಎಂದು ಅಡುಗೆಮನೆಗೆ ಹೋದಳು. ಅವಳು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ನಾನು ಹೊತ್ತುಗೊತ್ತಿಲ್ಲದೆ ಒಂದು ಕುರ್ಚಿಯ ಬೆನ್ನಿಗೆ ಮೊಳೆ ಹೊಡೆಯುತ್ತಾ ಕೂತೆ. ಹೇಗೂ ದಿವಾಳಿ ಏಳುವುದೇ ಸೈ, ಎಲ್ಲ ಸಾಲವೂ ಮುಳುಗುವುದೇ ಸೈ, ಮುಳುಗಿದವನಿಗೆ ಚಳಿಯೇನು ಮಳೆಯೇನು ಎಂದುಕೊಂಡೆ. ತೆರಿಗೆಯೂ ಒಂದು ಸಾಲ ತಾನೇ? ಅದೂ ಮುಳುಗಲಿ. ಆ ಇಲಾಖೆಗೆ ಸೊಂಟ ಇದೆಯೇ, ನೋವಿದೆಯೇ?

ಮರುದಿನ ತೆರಿಗೆಯ ಖಾತೆಯನ್ನು ಬರಿದು ಮಾಡಿ ಅಕ್ಕನ ಅಸಲನ್ನು ಪೂರ್ತಿ ತೀರಿಸಿದೆ. "ಎಲ್ಲಿಂದ ತಂದೆ?" ಎಂದು ಕೇಳಿದಳು. "ದುಡಿದದ್ದು" ಎಂದೆ. ಅದು ಸುಳ್ಳಲ್ಲ. ಅವಳು ಅದೇ ದಿನ ಹೋಗಿ ಆಸ್ಪತ್ರೆಗೆ ಕಟ್ಟಿ ಬಂದಳು. ಆ ಸಂಜೆ ಇಬ್ಬರೂ ಸಿನಿಮಾದವರ ಹಾಗೆ ಅತ್ತೆವು.

ಎರಡು ತಿಂಗಳು ಬಿಟ್ಟು ದಿವಾಳಿ ಅರ್ಜಿ ಹಾಕಲು ಒಬ್ಬ ಸಲಹೆಗಾರನ ಬಳಿ ಹೋದೆ. ಅವನ ಪ್ರತಿ ಮಾತೂ "ಪಾಯಿಂಟ್ ಏನಂದ್ರೆ" ಎಂದು ಶುರುವಾಗುವುದರಿಂದ ಎಲ್ಲರೂ ಅವನನ್ನು ಪಾಯಿಂಟ್ ಎಂದೇ ಕರೆಯುತ್ತಾರೆ. ಒಳ್ಳೆಯವನು, ಬಡಕಲು ಮನುಷ್ಯ, ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಾನೆ.

"ಪಾಯಿಂಟ್ ಏನಂದ್ರೆ, ಬಟ್ಟೆಯವನ ಸಾಲ ಹೋಗುತ್ತೆ, ಬ್ಯಾಂಕಿನ ಸಾಲ ಹೋಗುತ್ತೆ. ತೆರಿಗೆ ಹೋಗಲ್ಲ" ಎಂದ.

"ಯಾಕೆ ಹೋಗಲ್ಲ? ಅದೇನು ಚಿನ್ನದ ಸಾಲವೇ?"

"ಹಳೇ ತೆರಿಗೆ ಆದ್ರೆ ಹೋಗುತ್ತೆ. ಮೂರು ವರ್ಷ ದಾಟಿರಬೇಕು, ರಿಟರ್ನ್ ಸಮಯಕ್ಕೆ ಸಲ್ಲಿಸಿರಬೇಕು. ನಿಮ್ಮದು ಹೋದ ವರ್ಷದ್ದು. ನೀವು ದಿವಾಳಿ ಆದ್ರೂ ಅದು ದಿವಾಳಿ ಆಗಲ್ಲ. ನೀವು ಸಾಯೋ ತನಕ ಬಡ್ಡಿ ಸಮೇತ ಹಿಂದೆ ಬರುತ್ತೆ. ಅದಕ್ಕೇ ಬುದ್ಧಿ ಇರೋರು ಮೊದಲು ತೆರಿಗೆ ಕಟ್ತಾರೆ, ಆಮೇಲೆ ಅರ್ಜಿ ಹಾಕ್ತಾರೆ. ನೀವು ಎತ್ತಿಟ್ಟಿದ್ರಲ್ಲ, ಆ ದುಡ್ಡು ಎಲ್ಲಿ?"

ಅಕ್ಕನಿಗೆ ಕೊಟ್ಟೆ ಎಂದು ಹೇಳಿಬಿಟ್ಟೆ. ಪಾಯಿಂಟ್ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ.

"ಏನು ಕೆಲಸ ಮಾಡಿದ್ರಿ ನೀವು! ಪಾಯಿಂಟ್ ಏನಂದ್ರೆ, ದಿವಾಳಿ ಅರ್ಜಿ ಹಾಕೋ ಮುಂಚೆ ಒಂದು ವರ್ಷದೊಳಗೆ ಒಡಹುಟ್ಟಿದವರಿಗೆ ಸಾಲ ತೀರಿಸಿದ್ರೆ ಅದನ್ನ ಸರ್ಕಾರದೋರು ವಾಪಸ್ ಕೇಳ್ತಾರೆ. ನಿಮ್ಮನ್ನಲ್ಲ, ನಿಮ್ಮ ಅಕ್ಕನ್ನ. ಬೇರೆಯವರಿಗೆ ಪಂಗನಾಮ ಹಾಕಿ ಮನೆಯವರಿಗೆ ಮಾತ್ರ ಕೊಟ್ರಿ ಅಂತ. ಹಾಗೆ ವಾಪಸ್ ಬಂದ ದುಡ್ಡು ಮೊದಲು ಹೋಗೋದು ತೆರಿಗೆಗೇ."

"ಅಕ್ಕ ಸಾಲಾನ ಮನ್ನಾ ಮಾಡಿದ್ದಳು ಅಂತ ಬರೆದ್ರೆ?"

"ಮನ್ನಾ ಮಾಡಿದ ಸಾಲ ನಿಮ್ಮ ಆದಾಯ ಆಗುತ್ತೆ. ಅದಕ್ಕೂ ತೆರಿಗೆ."

ಅಯ್ಯೋ ದೇವರೇ. ಕೊಟ್ಟರೂ ತಪ್ಪು, ಬಿಟ್ಟರೂ ತಪ್ಪು. ಅರ್ಜಿಯ ಹದಿನಾಲ್ಕನೇ ಪ್ರಶ್ನೆ ಅದೇ ಆಗಿತ್ತು: ಕಳೆದ ಒಂದು ವರ್ಷದಲ್ಲಿ ಸಂಬಂಧಿಕರಿಗೆ ಸಾಲ ಮರುಪಾವತಿ ಮಾಡಿದ್ದೀರಾ? ನಾನು ಅವನ ಕಿವಿಯಿಂದ ಪೆನ್ನು ಎಳೆದುಕೊಂಡು 'ಇಲ್ಲ' ಎಂದು ಬರೆದೆ.

"ಅದು ಪ್ರಮಾಣ ಮಾಡಿ ಹೇಳಬೇಕಾದ್ದು. ಸಿಕ್ಕಿಬಿದ್ರೆ ಯಾವ ಸಾಲಾನೂ ಮುಳುಗಲ್ಲ, ಮೇಲೆ ಕೇಸು" ಎಂದ. ಆಮೇಲೆ ಕಿಟಕಿಯ ಕಡೆ ತಿರುಗಿ, "ನೀವು ನನಗೇನೂ ಹೇಳಿಲ್ಲ, ನಾನೇನೂ ಕೇಳಿಲ್ಲ" ಎಂದ. ನನ್ನ ಹೋದ ವರ್ಷದ ರಿಟರ್ನನ್ನು ಅವನು ತೆರೆದೂ ನೋಡದೆ ಅರ್ಜಿಯ ಹಿಂದೆ ಪಿನ್ನು ಹೊಡೆದ. ಅದನ್ನು ತುಂಬಿದವಳು ನಾನೇ. ಲೆಕ್ಕಿಗರಿಗೆ ಕೊಡುವ ಫೀಸು ಉಳಿಸಲು ಪ್ರತಿ ವರ್ಷ ನಾನೇ ತುಂಬುತ್ತೇನೆ.

ಅಕ್ಕನಿಗೆ ಇದಾವುದನ್ನೂ ಹೇಳಲಿಲ್ಲ. ಹೇಳಿದ್ದರೆ ಆ ಗಳಿಗೆಯಲ್ಲೇ ಕೋಲು ಹಿಡಿದು ಆಸ್ಪತ್ರೆಗೆ ಹೋಗಿ ಹಣ ವಾಪಸು ತಂದು ನನ್ನ ಮೇಜಿನ ಮೇಲಿಡುತ್ತಿದ್ದಳು. ಅವಳು ಹುಟ್ಟಿದ್ದೇ ಹಾಗೆ. ಆಪರೇಷನ್‌ಗೆ ಇನ್ನು ಹದಿನಾರು ದಿನ ಇರುವಾಗ ನನ್ನ ವಿಚಾರಣೆಗೆ ಕರೆ ಬಂತು. ಹೇಗಾದರೂ ಹದಿನಾರು ದಿನ ದಾಟಿದರೆ ಸಾಕು, ಒಮ್ಮೆ ಕೀಲು ಒಳಗೆ ಕೂತಮೇಲೆ ಅದನ್ನು ಯಾವ ಇಲಾಖೆಯೂ ಬಿಚ್ಚಿಕೊಂಡು ಹೋಗಲಾರದು ಎಂದು ನಾನು ಲೆಕ್ಕ ಹಾಕಿದ್ದೆ.

"ನಾನೂ ಬರ್ತೀನಿ" ಎಂದಳು ಅಕ್ಕ.

"ನೀನು ಯಾಕೆ? ಮೂರನೇ ಮಹಡಿ, ಲಿಫ್ಟು ಕೆಟ್ಟಿದೆಯಂತೆ."

"ದಿವಾಳಿಗೆ ಒಬ್ಬಳನ್ನೇ ಕಳಿಸ್ತಾರಾ ಯಾರಾದ್ರೂ? ಮದುವೆಗಾದ್ರೆ ಒಬ್ಬಳೇ ಹೋಗು, ಬೇಡ ಅನ್ನಲ್ಲ."

"ಬಂದ್ರೆ ಬಾಯಿ ಮುಚ್ಕೊಂಡು ಕೂತಿರಬೇಕು. ಏನೇ ಆದ್ರೂ ಮಾತಾಡಬಾರದು. ಆಣೆ ಮಾಡು."

"ಆಯ್ತು ಮಾರಾಯ್ತಿ, ನಿನ್ನ ಮೊಳೆಗಳನ್ನೇ ಬಾಯಲ್ಲಿ ಇಟ್ಕೊಂಡು ಕೂತಿರ್ತೀನಿ" ಎಂದು ನಕ್ಕಳು.

ಮೂರು ಮಹಡಿ ಹತ್ತಲು ಅವಳಿಗೆ ಇಪ್ಪತ್ತು ನಿಮಿಷ ಬೇಕಾಯಿತು. ಒಳಗೆ ಒಂದು ಉದ್ದ ಮೇಜು, ಅದರ ಮುಂದೊಂದು ಕುರ್ಚಿ, ಹಿಂದೆ ಗೋಡೆಗೆ ಸಾಲಾಗಿ ಆರು ಕುರ್ಚಿ. ಮುಂದಿನದರಲ್ಲಿ ಕೂತ ಕೂಡಲೇ ಸ್ಪಂಜನ್ನು ಹೊರುವ ಕೆಳಗಿನ ಪಟ್ಟಿ ಹರಿದಿದೆ ಎಂದು ನನ್ನ ಬೆನ್ನಿಗೆ ಗೊತ್ತಾಯಿತು. ಅಕ್ಕ ಹಿಂದಿನ ಕುರ್ಚಿಯಲ್ಲಿ ಕೋಲನ್ನು ಮಂಡಿಯ ನಡುವೆ ಇಟ್ಟುಕೊಂಡು ಕೂತಳು. ಅಧಿಕಾರಿ ಮೂವತ್ತರ ಒಳಗಿನ ಹುಡುಗಿ. ಅವಳಿಗೆ ಜೋರು ನೆಗಡಿ. ಮೂಗು ಒರೆಸಿಕೊಳ್ಳುತ್ತಾ, ಕ್ಷಮೆ ಕೇಳುತ್ತಾ, ಕೈ ಎತ್ತಿಸಿ ನನ್ನಿಂದ ಪ್ರಮಾಣ ಮಾಡಿಸಿದಳು.

ಹೆಸರು, ವಿಳಾಸ, ಯಂತ್ರದ ಬೆಲೆ, ಉಳಿದ ಕುರ್ಚಿಗಳೆಷ್ಟು. ಕೈಕಸುಬಿನ ಸಾಮಾನು ಒಬ್ಬಳಿಗೆ ಬೇಕಾದಷ್ಟು ಬಿಟ್ಟುಕೊಡುತ್ತೇವೆ ಎಂದಳು. ಆಮೇಲೆ ಹದಿನಾಲ್ಕನೆಯದಕ್ಕೆ ಬಂದಳು.

"ಕಳೆದ ಒಂದು ವರ್ಷದಲ್ಲಿ ಸಂಬಂಧಿಕರಿಗೆ ಯಾರಿಗಾದ್ರೂ ಸಾಲ ತೀರಿಸಿದೀರಾ?"

"ಇಲ್ಲ."

ಗುರುತು ಹಾಕಿದಳು. ಪುಟ ತಿರುಗಿಸಿದಳು. ನನಗೆ ಹೋದ ಜೀವ ಬಂದಂತಾಯಿತು.

"ಈ ತೆರಿಗೆ ರಿಟರ್ನ್ ನೀವೇ ತುಂಬಿದ್ದಾ? ತುಂಬಾ ನೀಟಾಗಿದೆ."

"ಹೌದು, ನಾನೇ" ಎಂದೆ. ಪೆದ್ದಿ, ಆ ಹೊಗಳಿಕೆಗೆ ಉಬ್ಬಿಹೋದೆ.

"ಖರ್ಚಿನ ಪಟ್ಟೀಲಿ ಬಡ್ಡಿ ಅಂತ ಎರಡು ಕಡೆ ತೋರಿಸಿದೀರ. ಒಂದು ಬ್ಯಾಂಕಿಗೆ. ಇನ್ನೊಂದು ಯಾರಿಗೆ ಇದು?" ಎಂದು ಅಲ್ಲಿ ಬರೆದಿದ್ದ ಹೆಸರನ್ನು ಗಟ್ಟಿಯಾಗಿ ಓದಿದಳು.

ಅಕ್ಕನ ಹೆಸರು. ನಾನೇ ನನ್ನ ಕೈಯಾರೆ ಬರೆದದ್ದು. ಸ್ವಂತ ಕೆಲಸದವರಿಗೆಲ್ಲ ಇರುವ ರೋಗ ಅದು: ದಾರದ ಉಂಡೆಯಿಂದ ಹಿಡಿದು ಬಸ್ಸಿನ ಟಿಕೆಟಿನ ತನಕ ಯಾವುದನ್ನೂ ಬಿಡದೆ ಖರ್ಚಿಗೆ ಹಾಕುವುದು. ಅಕ್ಕನಿಗೆ ಕೊಟ್ಟ ಬಡ್ಡಿಯನ್ನೂ ಹಾಕಿದ್ದೆ. ಅದರಿಂದ ಉಳಿದ ತೆರಿಗೆಯ ದುಡ್ಡಿನಲ್ಲಿ ಒಂದು ಒಳ್ಳೆಯ ಕತ್ತರಿ ಕೊಳ್ಳಲೂ ಆಗುತ್ತಿತ್ತೋ ಇಲ್ಲವೋ. ಹಿಂದೆ ತನ್ನ ಹೆಸರು ಕೇಳಿ ಅಕ್ಕ ನೆಟ್ಟಗೆ ಕೂತದ್ದು ಕುರ್ಚಿಯ ಸದ್ದಿನಿಂದಲೇ ತಿಳಿಯಿತು.

"ಪರಿಚಯದವರು" ಎಂದೆ.

"ಬಾಕಿ ಪಟ್ಟೀಲಿ ಇವರ ಹೆಸರಿಲ್ಲ. ಅಂದ್ರೆ ಅಸಲು ತೀರಿಸಿದೀರಾ?"

ತೀರಿಸಿದೆ ಎಂದರೆ ಅಕ್ಕನ ಕೈಯಿಂದ ಕಿತ್ತುಕೊಳ್ಳುತ್ತಾರೆ. ಮನ್ನಾ ಮಾಡಿದಳು ಎಂದರೆ ಅದೂ ಆದಾಯ. ಉಳಿದದ್ದು ಒಂದೇ ದಾರಿ. ನಾನು ಮೇಜಿನ ಅಂಚನ್ನು ಹಿಡಿದುಕೊಂಡೆ.

"ಇಲ್ಲ. ಪಟ್ಟೀಲಿ ಬರೆಯೋದು ಮರೆತುಹೋಯ್ತು. ಅಸಲು ಒಂದು ಕಾಸೂ ಕೊಟ್ಟಿಲ್ಲ. ಅವರ ದುಡ್ಡನ್ನೂ ಮುಳುಗಿಸಿದೀನಿ."

"ಪೂರ್ತಿ?"

"ಪೂರ್ತಿ. ಅವರು ಎಷ್ಟು ಸಲ ಕೇಳಿದ್ರು, ನಾನೇ ಆಟ ಆಡಿಸಿದೆ."

ಅವಳು ಬರೆದುಕೊಳ್ಳತೊಡಗಿದಳು. ಇನ್ನೆರಡು ಪದ ಬರೆದಿದ್ದರೆ ಮುಗಿಯುತ್ತಿತ್ತು. ಹಿಂದೆ ಕೋಲು ನೆಲಕ್ಕೆ ಊರಿದ ಸದ್ದಾಯಿತು. ಅಕ್ಕ ಏಳುತ್ತಿದ್ದಳು. ಅವಳು ಏಳಲು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ನಾನು ತಿರುಗಿ ಅವಳ ಕಡೆ ಕಣ್ಣು ಬಿಟ್ಟೆ, ತಲೆ ಅಲ್ಲಾಡಿಸಿದೆ, ಕೈ ಕೂಡ ಮುಗಿದೆ. ಅವಳು ನನ್ನನ್ನು ನೋಡಲೇ ಇಲ್ಲ.

"ಸುಳ್ಳು! ಬರ್ಕೋಬೇಡಮ್ಮ ಅದನ್ನ" ಎಂದಳು.

"ನೀವು ಯಾರು?"

"ನೀನು ಈಗ ಓದಿದೆಯಲ್ಲ, ಆ ಹೆಸರಿನವಳು ನಾನೇ. ಇವಳ ಒಡಹುಟ್ಟಿದ ಅಕ್ಕ. ಇವಳು ನನ್ನ ದುಡ್ಡನ್ನ ಬಿಡಿಗಾಸು ಬಿಡದೆ ಬಡ್ಡಿ ಸಮೇತ ಕೊಟ್ಟಿದಾಳೆ. ಮೂರು ತಿಂಗಳೂ ಆಗಿಲ್ಲ. ಅವತ್ತೇ ಆಸ್ಪತ್ರೆಗೆ ಕಟ್ಟಿದೀನಿ, ರಸೀದಿ ಬೇಕಾದ್ರೆ ನೋಡು." ಚೀಲದಿಂದ ರಸೀದಿ ತೆಗೆದು ಕುಂಟುತ್ತಾ ಬಂದು ಮೇಜಿನ ಮೇಲಿಟ್ಟಳು. "ಆ ಹೋಟೆಲಿನವನು ಇವಳ ಹೊಟ್ಟೆ ಮೇಲೆ ಹೊಡೆದ. ಇವಳು ಯಾರ ಹೊಟ್ಟೆ ಮೇಲೂ ಹೊಡೆದವಳಲ್ಲ. ಯಾಕೆ ಹೀಗೆ ತನ್ನ ಮೇಲೆ ತಾನೇ ಹೇಳ್ಕೋತಿದಾಳೋ ನನಗೆ ಗೊತ್ತಿಲ್ಲ, ತಲೆ ಕೆಟ್ಟಿರಬೇಕು."

ಅವಳ ಮುಖದಲ್ಲಿ ಎಂಥ ಹೆಮ್ಮೆಯಿತ್ತು! ನನ್ನ ಮಾನ ಉಳಿಸಿದೆ ಎಂಬ ಹೆಮ್ಮೆ. ನಾನು ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಅಧಿಕಾರಿ ಹುಡುಗಿ ರಸೀದಿಯನ್ನು ನೋಡಿದಳು, ಅಕ್ಕನ ಕೋಲನ್ನು ನೋಡಿದಳು. ಪೆನ್ನು ಕೆಳಗಿಟ್ಟಳು. ಅವಳು ಕೆಟ್ಟವಳಲ್ಲ, ಅದನ್ನು ಹೇಳಲೇಬೇಕು. ಮೊದಲು ಹೇಳಿದ್ದನ್ನು ಹೊಡೆದುಹಾಕಿ ಸರಿಯಾದ ಉತ್ತರ ಬರೆದುಕೊಳ್ಳುತ್ತೇನೆ, ಕೇಸು ಮಾಡುವುದಿಲ್ಲ ಎಂದು ನನಗೆ ಹೇಳಿದಳು. ಆಮೇಲೆ ಅಕ್ಕನನ್ನು ಕೂರಿಸಿ ನಿಧಾನವಾಗಿ ವಿವರಿಸಿದಳು: ಆ ಹಣವನ್ನು ಹಿಂದಿರುಗಿಸಬೇಕಾಗುತ್ತದೆ, ಆಸ್ಪತ್ರೆಯವರು ಆಪರೇಷನ್‌ಗೆ ಮುಂಚೆ ಕೇಳಿದರೆ ಪೂರ್ತಿ ವಾಪಸು ಕೊಡುತ್ತಾರೆ, ಅದಕ್ಕೊಂದು ಪತ್ರವನ್ನು ತಾನೇ ಬರೆದು ಕಳಿಸುತ್ತೇನೆ. ಅಕ್ಕನ ಮುಖದ ಬಣ್ಣ ಒಂದೊಂದೇ ಮಾತಿಗೆ ಇಳಿಯುತ್ತಾ ಹೋಯಿತು.

ಕೋಲನ್ನು ಮೇಜಿಗೆ ಒರಗಿಸಿ, "ಆ ದುಡ್ಡು ಆಮೇಲೆ ಯಾರಿಗೆ ಹೋಗುತ್ತೆ?" ಎಂದು ಕೇಳಿದಳು.

"ಮೊದಲು ಆದಾಯ ತೆರಿಗೆಗೆ."

"ಯಾರ ತೆರಿಗೆ? ನಂದಾ?"

"ನಿಮ್ಮ ತಂಗೀದು."

"ಅಂದ್ರೆ ಆಮೇಲೆ ಇವಳ ಹಿಂದೆ ಯಾರೂ ಬರಲ್ಲ?"

"ಬರಲ್ಲ. ಎಲ್ಲಾ ಚುಕ್ತಾ ಆಗುತ್ತೆ."

"ಹಾಗಾದ್ರೆ ಬರ್ಕೋಮ್ಮ" ಎಂದಳು ಅಕ್ಕ.

ಮೆಟ್ಟಿಲಿಳಿಯುವಾಗ ನಾನು ಅವಳನ್ನು ಬಾಯಿಗೆ ಬಂದಂತೆ ಬೈದೆ. "ಮಾತಾಡಬೇಡ ಅಂದಿರಲಿಲ್ವಾ? ಆಣೆ ಮಾಡಿರಲಿಲ್ವಾ? ನಿನ್ನ ಬಾಯಿಗೆ ಬೆಂಕಿ ಹಾಕ!" ಜನ ನಿಂತು ನೋಡಿದರು. ಅವಳು ಗೋಡೆ ಹಿಡಿದು ಒಂದೊಂದೇ ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿಯುತ್ತಿದ್ದಳು. ಎರಡನೇ ಮಹಡಿಯಲ್ಲಿ ಉಸಿರು ತೆಗೆದುಕೊಳ್ಳಲು ನಿಂತು, "ನನ್ನ ತಂಗಿ ನನಗೆ ಮೋಸ ಮಾಡಿದಳು ಅಂತ ಸರ್ಕಾರಿ ಕಾಗದದಲ್ಲಿ ಬರೀತಿದ್ರು. ಕೂತು ನೋಡ್ತಾ ಇರಬೇಕಿತ್ತಾ ನಾನು?" ಎಂದಳು. "ಮೊದಲೇ ಹೇಳಿದ್ರೆ ಇಲ್ಲೀತನಕ ಬರೋದೇ ಬೇಕಿರಲಿಲ್ಲ. ಮನೇಲೇ ಕೊಟ್ಟುಬಿಡ್ತಿದ್ದೆ." ನಾನು ಅವಳ ತೋಳಿನ ಕೆಳಗೆ ಕೈ ಕೊಟ್ಟು ಕೆಳಗಿನ ತನಕ ಇಳಿಸಿದೆ.

ಆಸ್ಪತ್ರೆಯವರು ಹಣ ವಾಪಸು ಕೊಟ್ಟರು, ಹೆಸರು ಹೊಡೆದರು. ಸರದಿಯ ಕೊನೆಯಲ್ಲಿ ಮತ್ತೆ ಬರೆಸಬಹುದು ಎಂದರು. ಬರೆಸಿದ್ದೇನೆ. ಡಾಕ್ಟರು ಹೇಳಿದ ಒಂದು ವರ್ಷ ಅಷ್ಟರಲ್ಲಿ ಎರಡು ಸಲ ಕಳೆಯುತ್ತದೆ. ಬಟ್ಟೆಯವನು ಈಗ ಬಾಗಿಲಿಗೆ ಬರುವುದಿಲ್ಲ, ಬ್ಯಾಂಕಿನವರು ಫೋನು ಮಾಡುವುದಿಲ್ಲ. ಪಾಯಿಂಟ್ ಸಿಕ್ಕಾಗಲೆಲ್ಲ, ಪಾಯಿಂಟ್ ಏನಂದ್ರೆ ನೀವೀಗ ಸ್ವತಂತ್ರರು ಎನ್ನುತ್ತಾನೆ. ಅಕ್ಕ ಎರಡು ತಿಂಗಳಿಂದ ಮಂಚ ಬಿಟ್ಟು ಏಳುವುದು ಬಚ್ಚಲಿಗೆ ಮಾತ್ರ, ಅದೂ ನನ್ನ ಹೆಗಲ ಮೇಲೆ.

ಹೋದ ವಾರ ತೆರಿಗೆ ಇಲಾಖೆಯಿಂದ ಲಕೋಟೆ ಬಂತು. ನಾನು ಬಾಯಲ್ಲಿದ್ದ ಮೊಳೆಗಳನ್ನು ಉಗಿದು ಕೈ ಒರೆಸಿಕೊಂಡು ಒಳಗೆ ಹೋಗಿ ಮಂಚದ ಮೇಲೆ ಕೂತು ಬಿಚ್ಚಿದೆ.

"ಗಟ್ಟಿಯಾಗಿ ಓದು" ಎಂದಳು ಅಕ್ಕ.

ಓದಿದೆ. ತೆರಿಗೆದಾರರ ಹೆಸರು, ನನ್ನದು. ಪಾವತಿ ಮಾಡಿದವರು, ಅಲ್ಲಿಯೂ ನನ್ನದೇ. ನಿಮ್ಮ ಬಾಕಿ ಪೂರ್ತಿ ಸಂದಾಯವಾಗಿದೆ, ಸಹಕಾರಕ್ಕೆ ಧನ್ಯವಾದಗಳು.

"ನೋಡಿದೆಯಾ, ಧನ್ಯವಾದ ಬೇರೆ ಹೇಳಿದಾರೆ" ಎಂದು ನಕ್ಕಳು. ಆಮೇಲೆ, "ನನ್ನ ಹೆಸರೂ ಹಾಕಿದಾರಾ ಅದರಲ್ಲಿ?" ಎಂದು ಕೇಳಿದಳು.

"ಹಾಕಿದಾರೆ" ಎಂದೆ.

"ಎಲ್ಲಿ?"

"ಕೆಳಗೆ. ಸಣ್ಣ ಅಕ್ಷರದಲ್ಲಿ."

ಕಾಗದವನ್ನು ಮಡಚಿದೆ. ತೋರಿಸು ಎಂದು ಅವಳು ಕೇಳಲಿಲ್ಲ.